ಒಂದು ತೋಳಿನ ಕೋಟು

ಇಸ್ತ್ರಿಪೆಟ್ಟಿಗೆ ಕಾಲರಿನ ಮೇಲೆ ಬೇಕಾದದ್ದಕ್ಕಿಂತ ಒಂದು ಉಸಿರು ಹೆಚ್ಚಿಗೆ ನಿಂತಿತು ಎಂದು ಅವನಿಗೆ ಅನಿಸಿತು. ಬಟ್ಟೆ ಸುಡಲಿಲ್ಲ. ಆದರೂ ಸುಟ್ಟ ವಾಸನೆ ಬಂತೇನೋ ಎಂದು ಮೂಗರಳಿಸಿ ನೋಡಿದ. ಅಕ್ಕ ಅವನ ಕಡೆ ತಿರುಗದೆ, ಪ್ರದರ್ಶನದ ದಿನ ಹಾಕಿಕೊಳ್ಳಲೆಂದು ತೆಗೆದಿಟ್ಟ ಆ ಬಿಳಿ ಅಂಗಿಯನ್ನು ಮಗುಚಿ ಬೆನ್ನಿನ ಭಾಗಕ್ಕೆ ಬಂದಳು. ನಿನ್ನೆ ಸಂಜೆಯಿಂದ ಹೀಗೇ. ಅಕ್ಕ ಲೋಟ ಇಟ್ಟ ಸದ್ದು, ಬಾಗಿಲು ಎಳೆದುಕೊಂಡ ಸದ್ದು, ಸುಮ್ಮನೆ ಕೂತಿದ್ದರೆ ಆ ಸುಮ್ಮನಿರುವ ಸದ್ದು, ಎಲ್ಲವೂ ಅವನನ್ನು ಉದ್ದೇಶಿಸಿಯೇ ಇದ್ದಂತೆ ಕೇಳುತ್ತಿತ್ತು. ಫೋನು ಎತ್ತಿದ್ದು ಅವಳೇ. ಯಾರೋ ಹುಡುಗಿ, ಪ್ರದರ್ಶನದವಳಂತೆ, ಎಂದು ರಿಸೀವರು ಕೈಗಿಟ್ಟು ಅಡುಗೆಮನೆಗೆ ಹೋಗಿದ್ದಳು. ಹೋದವಳು ನಲ್ಲಿ ತಿರುಗಿಸಲಿಲ್ಲ, ಪಾತ್ರೆ ಮುಟ್ಟಲಿಲ್ಲ. ಕವಿಗಳು, ಕಥೆಗಾರರು ತೆಗೆದ ಫೋಟೋಗಳನ್ನು ಒಂದೆಡೆ ಸೇರಿಸಿ ‘ಬರೆದವರ ಕಣ್ಣು’ ಎಂಬ ಹೆಸರಿಟ್ಟಿದ್ದ ಆ ಹುಡುಗಿಗೆ ಮಾತಿನ ತುಂಬ ಉತ್ಸಾಹ. ತಾನು ಬಿಟ್ಟುಬಂದ ಬಾಡಿಗೆ ಮನೆಗಳ ಬೀಗಗಳನ್ನಷ್ಟೇ ತೆಗೆಯುತ್ತಿದ್ದ ಒಬ್ಬ ಕಥೆಗಾರ್ತಿ, ಉಂಡೆದ್ದ ತಟ್ಟೆಯನ್ನು ಮೂವತ್ತು ವರ್ಷ ಬಿಡದೆ ತೆಗೆದ ಒಬ್ಬ ನಾಟಕಕಾರ, ಇವರ ನಡುವೆ ದೊಡ್ಡ ಗೋಡೆ ಇವನ ಚಿತ್ರಕ್ಕೆ ಎಂದು ಹೇಳಿ, ಆಮೇಲೆ ಹೇಳಿದ್ದಳು: “ಸಾರ್, ಮರುಮುದ್ರಣಕ್ಕೆಂದು ನೀವು ಪ್ರೆಸ್ಸಿಗೆ ಕೊಟ್ಟಿದ್ದ ನೆಗೆಟಿವ್ ತರಿಸಿ, ಅದರ ಮೇಲೆ ಭೂತಗನ್ನಡಿ ಇಟ್ಟು ನೋಡಿದೆ. ಅಂಗಡಿ ಗಾಜಿನಲ್ಲಿ ಯಾರೋ ಕ್ಯಾಮೆರಾ ಹಿಡ್ಕೊಂಡು ನಿಂತಿದ್ದಾರೆ. ನೀವೇ ತಾನೆ? ಪುಸ್ತಕದ ಮುಖಪುಟದಲ್ಲಿ ಆ ಬದಿಯನ್ನೇ ಕತ್ತರಿಸಿಬಿಟ್ಟಿದ್ದಾರೆ ನೋಡಿ.” ಅವನ ಬಾಯಿಂದ “ಗಾಜಿನಲ್ಲಾ?” ಎಂಬ ಮಾತು ಮನೆಯೆಲ್ಲ ಕೇಳುವಷ್ಟು ಜೋರಾಗಿ ಹೊರಬಿತ್ತು. ನೆಗೆಟಿವ್ ಪ್ರಿಂಟಿಗೆ ಹೋಗಿದೆ, ನಾಳೆ ನೀವೇ ನಿಂತು ಮಾಡಿಸಿ, ಮುಖ ಚೆನ್ನಾಗಿ ಬಂದರೆ ಅದನ್ನೇ ಪೋಸ್ಟರು ಮಾಡಿ ಊರಿಗೆಲ್ಲ ಅಂಟಿಸೋಣ ಎಂದು ಹುಡುಗಿ ನಗುತ್ತ ಫೋನಿಟ್ಟಳು.

ಅಕ್ಕ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು, ಒದ್ದೆಯೇ ಆಗಿರದ ಕೈಯನ್ನು. ಗಾಜಿನಲ್ಲಿ ಯಾರಂತೆ ಎಂದು ಕೇಳಿದಳು. ಯಾರೋ ದಾರಿಹೋಕ ಎಂದ. ಇಪ್ಪತ್ತೆರಡು ವರ್ಷದಲ್ಲಿ ಹೇಳಬೇಕಾಗಿ ಬಂದ ಎರಡನೆಯ ಸುಳ್ಳು ಅದು. ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಈಗ ಅವನು ಚಪ್ಪಲಿ ಮೆಟ್ಟುವಾಗ ಅಕ್ಕ ಇಸ್ತ್ರಿಯ ತಂತಿ ಕಿತ್ತು ಸುತ್ತುತ್ತ, “ಪುಟ್ಟ, ಬರುವಾಗ ಆ ಚಿತ್ರ ಮನೆಗೇ ತಾ. ಅಲ್ಲಿ ಜನರ ಮಧ್ಯೆ ನಿಂತು ನೋಡೋಕೆ ನನಗಾಗಲ್ಲ” ಎಂದಳು. ತಲೆ ನರೆತವನನ್ನು ಪುಟ್ಟ ಎಂದು ಕರೆಯುವವಳು ಲೋಕದಲ್ಲಿ ಅವಳೊಬ್ಬಳೇ ಉಳಿದಿದ್ದಳು. ಆಗಲಿ ಎಂದು ಮೆಟ್ಟಿಲಿಳಿದ. ಬೀದಿಗೆ ಬಿದ್ದ ಮೇಲೆ ನೋಡಿಕೊಂಡರೆ ಎಡಗಾಲಿನ ಚಪ್ಪಲಿ ಬೇರೆ ಜೋಡಿಯದು.

ಬೀದಿಯ ಎರಡೂ ಕಡೆ ಅಂಗಡಿಗಳು. ಇಷ್ಟೊಂದು ಗಾಜು ಇದೆಯೆಂದು ಅವನು ಗಮನಿಸಿಯೇ ಇರಲಿಲ್ಲ. ಔಷಧದಂಗಡಿ, ಕನ್ನಡಕದಂಗಡಿ, ಬ್ಯಾಂಕಿನ ಬಾಗಿಲು, ನಿಂತ ಬಸ್ಸಿನ ಕಿಟಕಿಗಳು, ಪ್ರತಿಯೊಂದರಲ್ಲೂ ಒಬ್ಬ ಮನುಷ್ಯ ಅವನ ಜೊತೆಗೇ ಹೆಜ್ಜೆ ಹಾಕುತ್ತಿದ್ದ. ಅದು ತಾನೇ ಎಂದು ಖಾತ್ರಿಮಾಡಿಕೊಳ್ಳಲು ಎರಡು ಸಲ ನಿಂತ. ಎರಡನೆಯ ಸಲ ಒಳಗಿದ್ದ ಅಂಗಡಿಯವಳು, ಏನು ಬೇಕು ಎಂದು ಹುಬ್ಬು ಏರಿಸಿದಳು. ಗಾಜಿನ ಎದುರು ನಿಲ್ಲುವಾಗ ನಮ್ಮ ಹಿಂದೆ ಬೆಳಕು ಇರಬೇಕು, ಗಾಜಿನ ಆಚೆ ಕತ್ತಲೆ ಇರಬೇಕು, ಆಗ ಮಾತ್ರ ನಾವು ಅದರಲ್ಲಿ ಇರ್ತೀವಿ ಎಂದು ಭಾವ ಹೇಳಿಕೊಟ್ಟಿದ್ದರು. ಅಕ್ಕನ ಗಂಡ. ಪತ್ರಿಕೆಯ ಕಚೇರಿಯಲ್ಲಿ ಕರಡು ತಿದ್ದುತ್ತಿದ್ದವರು, ಪುಸ್ತಕ ಮಾಡದೆ ಉಳಿದ ಕವಿ. ಇಬ್ಬರಿಗೂ ಸೇರಿ ಒಂದೇ ಕ್ಯಾಮೆರಾ. ಅದರ ಚರ್ಮದ ಚೀಲಕ್ಕೆ ಭಾವನ ಬೆವರಿನ ವಾಸನೆ ಹಿಡಿದುಹೋಗಿತ್ತು. ಒಂದು ರೀಲು ಹಾಕಿದರೆ ಒಂದು ಚಿತ್ರ ಅವರದು, ಮುಂದಿನದು ಇವನದು, ಹೀಗೆ ಮೂವತ್ತಾರು ಮುಗಿಯುವತನಕ. ಆಮೇಲೆ ಅದಲುಬದಲು. ಒಬ್ಬ ತೆಗೆದ ಚಿತ್ರದ ಮೇಲೆ ಇನ್ನೊಬ್ಬ ಬರೆಯಬೇಕು. ಬಟನ್ ಒತ್ತಿದವನು ಬರೆಯಕೂಡದು. “ಕಣ್ಣು ಒಬ್ಬನದು, ಬಾಯಿ ಇನ್ನೊಬ್ಬನದು ಇರಲಿ ಕವಿಗಳೇ. ಎರಡೂ ಒಬ್ಬನ ಕೈಗೇ ಕೊಟ್ಟರೆ ಸುಳ್ಳು ಹೇಳ್ತಾನೆ” ಎನ್ನುತ್ತಿದ್ದರು. ಆಗ ಇವನಿಗೆ ಇಪ್ಪತ್ತಮೂರು. ಕವಿಗಳೇ ಎಂದು ಕರೆದರೆ ಕಿವಿ ಬಿಸಿಯಾಗುತ್ತಿತ್ತು, ತಮಾಷೆಯೆಂದು ಗೊತ್ತಿದ್ದೂ. ಅಕ್ಕ ಊಟಕ್ಕೆ ಬಡಿಸುತ್ತ, ಇವತ್ತಿನದು ಯಾರ ಕಣ್ಣು ಯಾರ ಬಾಯಿ ಎಂದು ಕೇಳಿ, ಎರಡಕ್ಕೂ ಹೊಟ್ಟೆ ಮಾತ್ರ ನನ್ನ ತಲೆಮೇಲೆ ಎಂದು ನಗುತ್ತಿದ್ದಳು.

ಅವತ್ತು ರಜೆ. ದರ್ಜಿಯ ಅಂಗಡಿ ಮುಚ್ಚಿತ್ತು. ಗಾಜಿನಾಚೆ ತಲೆಯಿಲ್ಲದ ಮರದ ಬೊಂಬೆಯ ಮೇಲೆ ಅರ್ಧ ಹೊಲಿದ ಕೋಟು. ಒಂದು ತೋಳು ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲಿ ನೇತಾಡುತ್ತಿತ್ತು, ಇನ್ನೊಂದು ತೋಳಿನ ಜಾಗದಲ್ಲಿ ತೂತು. ಸರದಿ ಭಾವನದು. ಕನ್ನಡಕವನ್ನು ಹಣೆಗೇರಿಸಿದರು. ಬಲಗಣ್ಣು ಮಂದ, ಹಾಗಾಗಿ ಎಡಗಣ್ಣಿಗೆ ಕ್ಯಾಮೆರಾ ಹಿಡಿಯುತ್ತಿದ್ದರು. ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಅದರ ಕೀಲಿಗೆ ಅಕ್ಕ ಬಿಳಿ ದಾರ ಸುತ್ತಿ ಗಂಟು ಹಾಕಿದ್ದಳು, ಹೊಸದು ಮಾಡಿಸಿ ಎಂದು ದಿನಾ ಗೊಣಗುತ್ತ ದಿನಾ ಬಿಗಿ ಮಾಡುತ್ತ. ಮನುಷ್ಯರ ಚಿತ್ರ ತೆಗೆಯುವಾಗ ಹೇಳುವ ಹಾಗೆಯೇ ಆ ಬೊಂಬೆಗೂ ಭಾವ, “ಉಸಿರು ಹಿಡ್ಕೊಳ್ಳಿ” ಎಂದರು. ಪಕ್ಕದಲ್ಲಿ ನಿಂತಿದ್ದ ಅವನೂ ಉಸಿರು ಹಿಡಿದ. ಕ್ಲಿಕ್ ಆಯಿತು. “ಹಾಂ, ಬಿಡಿ.” ಏಳು ತಿಂಗಳ ಮೇಲೆ ಮೂರು ದಿನದ ಜ್ವರದಲ್ಲಿ ಭಾವ ಹೋದರು. ಆಸ್ಪತ್ರೆಯ ಆ ಕಾರಿಡಾರಿನಲ್ಲಿ, ಒರಗಿಕೊಂಡ ಗೋಡೆಯ ಸುಣ್ಣ ಅಂಗಿಗೆ ಹತ್ತಿದ್ದು ಅವನಿಗೆ ಈಗಲೂ ಬೆನ್ನಿನಲ್ಲಿ ತಣ್ಣಗೆ ತಾಗುತ್ತದೆ.

ಕಚೇರಿಯವರು ಒಳ್ಳೆಯವರು. ಭಾವನ ಗುರುತಿನ ಚೀಟಿ ವಾಪಸು ತೆಗೆದುಕೊಂಡು ಅವರ ಕುರ್ಚಿ ಇವನಿಗೆ ಕೊಟ್ಟರು. ಕುರ್ಚಿಯ ಕುಳಿ ಇವನಿಗಿಂತ ದೊಡ್ಡದಿತ್ತು. ಆ ವರ್ಷವೇ ಇವನ ಮೊದಲ ಪುಸ್ತಕ ಅಚ್ಚಿಗೆ ಹೋಯಿತು. ಮುಖಪುಟಕ್ಕೆ ಕೋಟಿನ ಚಿತ್ರ ಕೊಟ್ಟವನು ಇವನೇ, ಭಾವನ ನೆನಪಿಗೆಂದು, ಪ್ರಾಮಾಣಿಕವಾಗಿಯೇ. ಅದೇ ಚಿತ್ರದ ಮೇಲೆ ಬರೆದ ಕವಿತೆ ಪುಸ್ತಕದ ಮೊದಲ ಪುಟದಲ್ಲಿತ್ತು. ಕರಡು ಬಂದಾಗ ಹಿಂಬದಿಯಲ್ಲಿ ಪ್ರೆಸ್ಸಿನವರು ತಾವಾಗಿಯೇ ಸೇರಿಸಿದ್ದ ಒಂದು ಸಾಲಿತ್ತು: ಕವಿತೆ, ಛಾಯಾಚಿತ್ರ, ಅದರ ಮುಂದೆ ಇವನ ಹೆಸರು. ದಿನಕ್ಕೆ ನಲವತ್ತು ಪುಟ ಬೇರೆಯವರ ತಪ್ಪು ಹುಡುಕಿ ಕೂಲಿ ಪಡೆಯುವವನು ಅವನು. ಕೆಂಪು ಶಾಯಿಯ ಪೆನ್ನು ಆ ಸಾಲಿನ ಮೇಲೆ ನಿಂತಿತು. ಆ ಸಾಲಿನಲ್ಲಿ ಎರಡು ಪದಗಳ ನಡುವಿನ ಜಾಗ ತುಸು ಹೆಚ್ಚಾಗಿತ್ತು. ಅದನ್ನು ಕಡಿಮೆ ಮಾಡಿ ಎಂದು ಗುರುತು ಹಾಕಿ, ಪುಟ ಮಗುಚಿದ. ಅಷ್ಟೇ. ನಡೆದದ್ದು ಅಷ್ಟೇ. ಕೆಲವು ರಾತ್ರಿಗಳಲ್ಲಿ ಅವನು ಈ ‘ಅಷ್ಟೇ’ಯನ್ನು ಯಾವುದೋ ಕೋರ್ಟಿನ ಮುಂದೆ ನಿಂತವನಂತೆ ಮತ್ತೆ ಮತ್ತೆ ಹೇಳಿದ್ದಿದೆ. ಬಹುಮಾನ ಬಂತು. ಕಣ್ಣೂ ಬಾಯೂ ಒಂದೇ ಆದ ಅಪರೂಪದ ಕವಿ ಎಂದು ಒಬ್ಬ ವಿಮರ್ಶಕ ಬರೆದ. ಓದಿದಾಗ ಭಾವನೇ ಆ ಹೆಸರಿಟ್ಟುಕೊಂಡು ಬರೆದಿರಬಹುದೇ ಎಂಬ ಅನುಮಾನದಲ್ಲಿ ಆ ಹೆಸರನ್ನು ಎರಡು ಸಲ ಓದಿದ್ದ. ಆಮೇಲೆ ಅವನು ಕ್ಯಾಮೆರಾ ಮುಟ್ಟಲಿಲ್ಲ. ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆ ಕಣ್ಣು ದಣಿದಿದೆ ಎಂದ. ಅದನ್ನೂ ಯಾರೋ ಒಳ್ಳೆಯ ಮಾತೆಂದು ಎತ್ತಿ ಬರೆದರು.

ಬಹುಮಾನ ಬಂದ ವಾರ ಅಕ್ಕ ಒಂದು ಮಾತು ಕೇಳಿದಳು. ಪುಸ್ತಕದ ವಿಷಯವಲ್ಲ. ಮದುವೆಯ ರೀಲು ಬೆಳಕು ಹೊಕ್ಕು ಹಾಳಾಗಿತ್ತು, ಅದಾದ ಮೇಲೆ ಭಾವ ಯಾವಾಗಲೂ ಕ್ಯಾಮೆರಾದ ಹಿಂದಿನವರೇ. “ಅಷ್ಟೊಂದು ರೀಲಿನಲ್ಲಿ ಎಲ್ಲಾದರೂ ಅವರದ್ದೊಂದು ಇದೆಯೇನೋ ನೋಡೋ. ಬರಬರುತ್ತ ನನಗೆ ಮೂಗು ಹೇಗಿತ್ತು ಅನ್ನೋದೇ ಗಟ್ಟಿಯಾಗಿ ನೆನಪಾಗಲ್ಲ.” ಅವನು ನೆಗೆಟಿವಿನ ಡಬ್ಬ ಕಚೇರಿಗೆ ಒಯ್ದು, ಸಣ್ಣಕ್ಷರ ನೋಡುವ ಭೂತಗನ್ನಡಿಯಲ್ಲಿ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ. ಕೋಟಿನ ಬಲಕ್ಕೆ, ಅಂಗಡಿಯ ಒಳಗತ್ತಲೆಯ ಮೇಲೆ, ಮುಖಪುಟಕ್ಕೆಂದು ಕತ್ತರಿಸಿ ಬಿಟ್ಟ ಆ ಬದಿಯಲ್ಲಿ, ಉಗುರಿನಷ್ಟು ಮನುಷ್ಯ. ಹಣೆಯ ಮೇಲೆ ಕನ್ನಡಕ. ನೆಗೆಟಿವಿನಲ್ಲಿ ಬಿಳಿಯದು ಕಪ್ಪಾಗಿರುತ್ತದೆ. ಕನ್ನಡಕದ ಕೀಲಿನಲ್ಲಿ ಒಂದು ಕಪ್ಪು ಚುಕ್ಕೆ, ಅಕ್ಕ ಹಾಕಿದ ಗಂಟು. ಭಾವ ಸಿಕ್ಕಿದ್ದರು. ಸಿಕ್ಕಿದ ಜಾಗ ಇವನ ಬಹುಮಾನದ ಚಿತ್ರ. ನಾಳೆ ಹೇಳೋಣ ಎಂದು ಡಬ್ಬ ಮುಚ್ಚಿದ. ಮನೆಗೆ ಬಂದಾಗ ಬಾಗಿಲಲ್ಲೇ ನಿಂತಿದ್ದವಳಿಗೆ, ಒಂದೂ ಇಲ್ಲ ಅಕ್ಕ ಎಂದ. ಆ ನಾಳೆ ಬೆಳೆದು ಬೆಳೆದು ಈ ಬೀದಿಯವರೆಗೆ ಬಂದು, ಈಗ ಹೊಂದದ ಚಪ್ಪಲಿ ಹಾಕಿಕೊಂಡು ಸ್ಟುಡಿಯೋದ ಮೆಟ್ಟಿಲು ಹತ್ತುತ್ತಿತ್ತು.

ಪ್ರಿಂಟು ಮಾಡುವ ಮುದುಕ ಕಡಿಮೆ ಮಾತಿನವನು. ಬಾಗಿಲು ಹಾಕಿ, ಅದರ ಮೇಲೆ ಕಪ್ಪು ಪರದೆ ಎಳೆದು, ಕೆಂಪು ದೀಪ ಹಚ್ಚಿದ. ಮಧ್ಯಾಹ್ನ ಹನ್ನೆರಡಕ್ಕೆ ಆ ಕೋಣೆಯಲ್ಲಿ ಹೊತ್ತೇ ಇರಲಿಲ್ಲ. ಆಸಿಡ್ಡಿನ ಹುಳಿ ವಾಸನೆಗೆ ಅವನ ಬಾಯಲ್ಲಿ ನೀರೂರಿತು, ವಾಂತಿಗೆ ಮುಂಚೆ ಊರುವಂಥದು. ಎನ್‌ಲಾರ್ಜರಿನ ಕೆಳಗೆ, ಹಲಗೆಯ ಮೇಲೆ ತಲೆಕೆಳಗಾದ ಕೋಟು ಬೆಳಗಿತು. ಮುದುಕ ಪುಟ್ಟ ದುರ್ಬೀನಿನಂಥದೊಂದನ್ನು ಅದರ ಮೇಲಿಟ್ಟು, ಫೋಕಸ್ ಸರಿ ಇದೆಯಾ ಒಮ್ಮೆ ನೋಡಿ ಎಂದ. ಅವನು ಬಗ್ಗಿ ಒಂದು ಕಣ್ಣಿಟ್ಟು ನೋಡಿದ. ಎದ್ದಾಗ ಮುದುಕ ಅವನ ಮುಖವನ್ನೇ ನೋಡುತ್ತಿದ್ದ.

“ಬಲಗಣ್ಣಿನವರು ನೀವು,” ಎಂದ ಮುದುಕ.

“ಯಾಕೆ?”

“ಏನಿಲ್ಲ. ಗಾಜಿನಲ್ಲಿರೋರು ಎಡಗಣ್ಣಿನವರು. ನಲವತ್ತು ವರ್ಷದಿಂದ ಇದೇ ಕೆಲಸ ನೋಡಿ, ಬೇಡ ಅಂದ್ರೂ ಕಣ್ಣಿಗೆ ಬೀಳುತ್ತೆ.”

ಅಷ್ಟರಲ್ಲೇ ಮುದುಕ ಕಾಗದಕ್ಕೆ ಬೆಳಕು ಕೊಟ್ಟು ದ್ರಾವಣದ ತಟ್ಟೆಗೆ ಇಳಿಸಿಯಾಗಿತ್ತು. ತಟ್ಟೆಯನ್ನು ತೊಟ್ಟಿಲಿನಂತೆ ತೂಗುತ್ತಿದ್ದ. ಬಿಳಿ ಕಾಗದದಲ್ಲಿ ಮೊದಲು ಕೋಟಿನ ಕಪ್ಪು, ಆಮೇಲೆ ತೋಳಿಲ್ಲದ ತೂತು, ಆಮೇಲೆ ಬಲಬದಿಯ ಕತ್ತಲೆ ನಿಧಾನವಾಗಿ ಹರಡಿತು; ಆ ಕತ್ತಲೆ ಒಂದು ಕಡೆ ಮಾತ್ರ ತುಂಬದೆ ನಿಂತು, ನಿಂತಲ್ಲಿ ಹಣೆಯಾಯಿತು. ಕನ್ನಡಕ ಬಂತು. ದಾರದ ಗಂಟು ಬಂತು, ಅಕ್ಕಿಕಾಳಿನಷ್ಟು ಬೆಳ್ಳಗೆ. ಮೂಗು ಕ್ಯಾಮೆರಾದ ಹಿಂದಿತ್ತು, ಆದರೆ ಕ್ಯಾಮೆರಾದ ಕೆಳಗೆ ಬಾಯಿ ಇತ್ತು. ಅದು ಅರ್ಧ ತೆರೆದಿತ್ತು, ಏನೋ ಹೇಳುತ್ತಿತ್ತು. ನೀರಿನಡಿ ಮಲಗಿ ಭಾವ ಅವನಿಗೇ ಏನೋ ಹೇಳುತ್ತಿದ್ದರು. ಅವನು ಹಿಂದೆ ಸರಿದ ರಭಸಕ್ಕೆ ಬೆನ್ನು ಗೋಡೆಗೆ ಬಡಿಯಿತು, ಸುಣ್ಣದ ತಂಪು ತಾಗಿತು. ಇದು ಪೋಸ್ಟರಾಗಿ ಊರ ಗೋಡೆಗಳ ಮೇಲೆಲ್ಲ. ಅಕ್ಕ ತರಕಾರಿ ಚೀಲ ಹಿಡಿದು ಬಸ್ಸಿಗೆ ಕಾಯುತ್ತ ನಿಲ್ಲುವ ಆ ಗೋಡೆಯ ಮೇಲೂ.

“ಆ ಬದಿ ಕಪ್ಪು ಮಾಡೋಕಾಗುತ್ತಾ?” ಎಂದ. ತನ್ನದಲ್ಲದ ದನಿ.

“ಎಷ್ಟು?”

“ಕಾಣದಷ್ಟು.”

ಮುದುಕ ಮೊದಲ ಪ್ರಿಂಟನ್ನು ಪಕ್ಕಕ್ಕೆ ಸರಿಸಿದ. ಹೊಸ ಕಾಗದ ಇಟ್ಟ. ಎಲ್ಲೆಡೆ ಸಮನಾಗಿ ಬೆಳಕು ಬಿದ್ದ ಮೇಲೆ ಆ ಬದಿಗೆ ಮಾತ್ರ ಮತ್ತಷ್ಟು ಬೆಳಕು ಬಿಡಬೇಕು. ಬೆಳಕು ಹೆಚ್ಚು ಕುಡಿದಷ್ಟೂ ಕಾಗದ ಕಪ್ಪಾಗುತ್ತದೆ. ಎರಡೂ ಅಂಗೈ ಜೋಡಿಸಿ, ನಡುವೆ ಹಕ್ಕಿಮರಿ ಇದ್ದ ಹಾಗೆ ಒಂದು ತೂತು ಬಿಟ್ಟು ಮುದುಕ ಹೇಳಿದ: “ಸೆಕೆಂಡು ನೀವು ಎಣಿಸಿ. ನನ್ನ ಎರಡು ಕೈಯೂ ಇಲ್ಲಿರುತ್ತೆ. ಸಾಕು ಅನ್ನಿಸಿದಾಗ ಹೇಳಿ, ಕಾಲೊತ್ತಿ ದೀಪ ಆರಿಸ್ತೀನಿ.”

ಒಂದು, ಎರಡು. ಮುದುಕನ ಕೈಗಳ ತೂತಿನಿಂದ ಬೆಳಕು ಭಾವನ ಮುಖದ ಮೇಲಷ್ಟೇ ಬೀಳುತ್ತಿತ್ತು. ಅಳಿಸುವುದೆಂದರೆ ಕತ್ತಲೆ ಕವಿಸುವುದು ಎಂದುಕೊಂಡಿದ್ದ. ಹೀಗೆ ಬೆಳಕು ಹಿಡಿದು, ಹೆಸರು ಹಿಡಿದು ಕರೆದಂತೆ ಎಣಿಸಿ ಅಳಿಸಬೇಕೆಂದು ಗೊತ್ತಿರಲಿಲ್ಲ. ಹತ್ತು. ಆಸ್ಪತ್ರೆಯಲ್ಲಿ ನರ್ಸು ಭಾವನ ಮಣಿಕಟ್ಟು ಹಿಡಿದು ಹೀಗೇ ಎಣಿಸುತ್ತಿದ್ದಳು, ತುಟಿ ಮಾತ್ರ ಅಲ್ಲಾಡಿಸುತ್ತ. ಇಪ್ಪತ್ತು. ಇಷ್ಟಕ್ಕೆ ಸಾಕಾಗಿರಬಹುದು. ಕನ್ನಡಕ ಹೋಗಿರಬಹುದು, ಗಂಟು ಉಳಿದಿದ್ದರೆ? ಮೂವತ್ತು. ಮುದುಕ ಸಾಕು ಎನ್ನಬಹುದು ಎಂದು ಕಾದ. ಮುದುಕ ಹೇಳಲಿಲ್ಲ, ಕೈಯನ್ನು ಸಣ್ಣಗೆ ಅಲುಗಿಸುತ್ತ ನಿಂತೇ ಇದ್ದ. ಅರವತ್ತಕ್ಕೆ ಅವನೇ ಹೇಳಿದ. “ಸಾಕು.”

ಎರಡನೆಯ ಪ್ರಿಂಟಿನಲ್ಲಿ ಕೋಟು ಇನ್ನೂ ಚೆಂದ ಕಂಡಿತು. ಬಲಕ್ಕೆ ಬರಿಯ ಕಪ್ಪು, ಬಾವಿಯಂಥದು. ತೊಳೆದು, ಗಾಳಿಗೆ ಹಿಡಿದು ಒಣಗಿಸಿ, ಮುದುಕ ಎರಡನ್ನೂ ಒಂದರೊಳಗೊಂದು ಸುತ್ತಿ ಹಳೆಯ ಪತ್ರಿಕೆಯಲ್ಲಿ ಕಟ್ಟಿದ. ಮೊದಲಿನದು ಬೇಡ, ಹರಿದು ಹಾಕಿ ಎಂದು ಅವನು ಹೇಳಿದಾಗ ಮುದುಕ ದಾರ ಬಿಗಿಯುತ್ತಲೇ, “ಮುಖ ಇರೋ ಕಾಗದ ನಾನು ಹರಿಯಲ್ಲ ಸ್ವಾಮಿ. ಅದು ಮನೆಯವರ ಕೆಲಸ” ಎಂದ.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಮೊದಲ ಕಸದ ತೊಟ್ಟಿಯ ಬಳಿ ನಿಂತು ಸುರುಳಿಯ ಕಟ್ಟು ಬಿಚ್ಚಿದ. ಒಳಗಿದ್ದ ಮೊದಲ ಪ್ರಿಂಟಿನ ಅಂಚಿಗೆ ಹೆಬ್ಬೆರಳಿಟ್ಟ. ಕಾಗದ ಇನ್ನೂ ತುಸು ಹಸಿ. ಜ್ವರ ಬಿಟ್ಟವರ ಚರ್ಮದಂತೆ ತಣ್ಣಗೆ, ಮೆತ್ತಗೆ. ಎದುರಿನ ಕಟ್ಟೆಯ ಮೇಲೆ ಕೂತು ಶೂ ಹೊಲಿಯುತ್ತಿದ್ದವನು ಸೂಜಿ ನಿಲ್ಲಿಸಿ ಇವನ ಕಾಲನ್ನೇ ನೋಡಿದ. ಎರಡು ಚಪ್ಪಲಿ, ಎರಡು ಜೋಡಿ. ಮತ್ತೆ ಸುತ್ತಿಕೊಂಡು ನಡೆದ. ಸೇತುವೆಯ ಮೇಲೆ ಗಾಳಿ ಜೋರಿತ್ತು, ಎಸೆದರೆ ತಿರುಗಿ ಮುಖಕ್ಕೇ ಬರಬಹುದು ಎನ್ನಿಸಿತು. ಬ್ಯಾಂಕಿನ ಪಕ್ಕದ ಓಣಿಯಲ್ಲಿ ಮಕ್ಕಳಿದ್ದರು. ಹೀಗೆ ಒಂದೊಂದು ಕಡೆಯೂ ಒಂದೊಂದು ಕಾರಣ ಕಾದುನಿಂತಿತ್ತು, ಅವೆಲ್ಲ ಬರಿ ನೆಪವೆಂದು ಗೊತ್ತಿದ್ದೂ ಅವನು ಕೃತಜ್ಞನಂತೆ ಅವನ್ನು ಒಪ್ಪಿಕೊಳ್ಳುತ್ತ ಬಂದ. ಮನೆಗೆ ಹೋದವನೇ ಕೋಣೆ ಸೇರಿ, ಒಳಗಿನದನ್ನು ಎಳೆದು ಬೀರುವಿನ ಹಿಂದೆ ತಳ್ಳಿ, ಕಪ್ಪು ಬದಿಯದನ್ನು ಅಕ್ಕನ ಮುಂದೆ ಹರಡುವುದು. ಮೆಟ್ಟಿಲು ಹತ್ತುವಾಗ ಇದನ್ನು ಮೂರು ಸಲ ಅಭ್ಯಾಸ ಮಾಡಿದ.

ಅಕ್ಕ ಬಾಗಿಲು ತೆರೆದೇ ನಿಂತಿದ್ದಳು. ದಿನಾ ಅವನ ಕೈಚೀಲ ತೆಗೆದುಕೊಳ್ಳುವ ಹಾಗೆಯೇ ಕೈ ಚಾಚಿದಳು. ಇಪ್ಪತ್ತೆರಡು ವರ್ಷದ ರೂಢಿ. ಅವನ ಕೈ ಅವನನ್ನು ಕೇಳದೆ ಸುರುಳಿಯನ್ನು ಕೊಟ್ಟುಬಿಟ್ಟಿತು. ಕೈಕಾಲು ತೊಳ್ಕೊ ಹೋಗು ಎಂದಳು. ಹೋದ. ನಲ್ಲಿ ಬಿಟ್ಟ. ನೀರಿನ ಸದ್ದಿನ ಆಚೆ ದಾರ ಬಿಚ್ಚಿದ್ದು, ಪತ್ರಿಕೆ ಸರಿದದ್ದು, ದಪ್ಪ ಕಾಗದ ಬಿಡಿಸಿಕೊಳ್ಳುವಾಗಿನ ಗಡಸು ಸದ್ದು, ಒಂದು; ಆಮೇಲೆ ಇನ್ನೊಂದು. ಆಮೇಲೆ ಏನೂ ಇಲ್ಲ. ನೀರು ಅವನ ಮೊಣಕೈವರೆಗೆ ಹರಿದು ಅಂಗಿಯ ತೋಳಿನೊಳಗೆ ಇಳಿಯುತ್ತಿತ್ತು. ಹೊರಗೆ ಹೋಗದೆ ಇದ್ದುಬಿಡಬಹುದು, ಸಂಜೆತನಕ, ಅವಳು ನಿದ್ದೆ ಹೋಗುವತನಕ. ನಲ್ಲಿ ನಿಲ್ಲಿಸಿದ.

ಊಟದ ಮೇಜಿನ ಮೇಲೆ ಎರಡೂ ಚಿತ್ರ ಪಕ್ಕಪಕ್ಕದಲ್ಲಿದ್ದವು. ಸುರುಳಿಗೊಳ್ಳದಿರಲೆಂದು ಮೂಲೆಗಳಿಗೆ ಲೋಟ, ಉಪ್ಪಿನ ಡಬ್ಬಿ, ಅವನ ಔಷಧದ ಸೀಸೆ ಇಟ್ಟಿದ್ದಳು. ಅವಳ ಬೆರಳು ಕನ್ನಡಕದ ಕೀಲಿನ ಮೇಲಿತ್ತು, ಒತ್ತದೆ, ಬಿಸಿ ಇದೆಯೇ ನೋಡುವವರಂತೆ.

“ಚಿತ್ರ ಇವರದು ಅಂತ ನನಗೆ ಗೊತ್ತಿರಲಿಲ್ಲ ಅಂದ್ಕೊಂಡಿದ್ಯಾ?” ಎಂದಳು. ದನಿ ಏರಲಿಲ್ಲ. “ಅದರ ಮೇಲೆ ಬರೆದವನು ನೀನು ಅಂದ ಮೇಲೆ ತೆಗೆದವರು ಅವರೇ ತಾನೆ. ನಿಮ್ಮಿಬ್ಬರ ಆಟ ನಾನು ನೋಡದ್ದಾ? ಹೆಸರು ತಾನೆ, ನಮ್ಮ ಪುಟ್ಟಂದೇ ಇರಲಿ ಅಂತ ಸುಮ್ಮನಿದ್ದೆ.”

ಅವನೊಳಗೆ ಏನೋ ಸಡಿಲವಾಯಿತು. ನಾಚಿಕೆಗೇಡಿನ ಒಂದು ಹಗುರ. ಇಷ್ಟಕ್ಕೇ ಮುಗಿದಿದ್ದರೆ. ಅಷ್ಟರಲ್ಲಿ ಅವಳು ಮುಖ ಎತ್ತಿದಳು.

“ಇವರು ಇದರಲ್ಲಿದ್ದಾರೆ ಅಂತ ನಿನಗೆ ಯಾವಾಗ ಗೊತ್ತಾಯ್ತು?”

ಇವತ್ತು ಎನ್ನಬಹುದಿತ್ತು. ನಿನ್ನೆ ಎನ್ನಬಹುದಿತ್ತು. ಮೂರನೆಯ ಸುಳ್ಳು ನಾಲಗೆಯ ತುದಿಗೆ ಬಂದು ಸಿದ್ಧವಾಗಿ ನಿಂತಿತು. ಅವಳ ಬೆರಳು ಇನ್ನೂ ಗಂಟಿನ ಮೇಲೇ ಇತ್ತು.

“ನೀನು ಕೇಳಿದ ದಿನ,” ಎಂದ.

ಅಕ್ಕ ತಲೆಯಾಡಿಸಿದಳು, ಮಾರುಕಟ್ಟೆಯಲ್ಲಿ ತೂಕ ಸರಿಯಿದೆ ಎಂದು ಒಪ್ಪುವವರಂತೆ. “ಹೆಸರು ಕೇಳಿರಲಿಲ್ಲವಲ್ಲೋ ನಾನು. ಮುಖ ಕೇಳಿದ್ದೆ” ಎಂದಳು. ಅವನು ಏನೋ ಹೇಳಲು ಹೊರಟ. ನಾಳೆಯೇ ಆ ಹುಡುಗಿಗೆ ಎಲ್ಲ ಹೇಳಿಬಿಡುತ್ತೇನೆ, ಭಾವನ ಹೆಸರು ಹಾಕಿಸುತ್ತೇನೆ, ಎಲ್ಲರ ಮುಂದೆ ನಿಂತು ಹೇಳುತ್ತೇನೆ ಎಂದು ಮಾತುಗಳು ಒಂದನ್ನೊಂದು ತುಳಿದುಕೊಂಡು ಬಂದವು. ಅವಳು ಕೇಳಿಸಿಕೊಳ್ಳುತ್ತಲೇ ಕಪ್ಪು ಬದಿಯ ಚಿತ್ರವನ್ನು ಸುರುಳಿ ಸುತ್ತಿ, ಅದೇ ದಾರ ಕಟ್ಟಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲಿಟ್ಟಳು. “ಏನೂ ಹೇಳಬೇಡ. ಇದನ್ನು ತಗೊಂಡು ಹೋಗಿ ಕೊಡು. ಅಲ್ಲಿ ಇದೇ ಇರಲಿ, ನಿನ್ನ ಹೆಸರೇ ಇರಲಿ. ನೀನು ಅದರ ಮುಂದೆ ನಿಂತು ಎಲ್ಲರ ಕೈ ಕುಲುಕು. ಇವರನ್ನ ಮಾತ್ರ ಅಲ್ಲಿ ಜನ ನೋಡೋದು ಬೇಡ. ಇವರು ಇಲ್ಲಿರ್ತಾರೆ.”

ಇಲ್ಲಿ ಎಂದರೆ ಎಲ್ಲಿ ಎಂದು ಅವನಿಗೆ ಆಮೇಲೆ ತಿಳಿಯಿತು. ಕುರ್ಚಿ ಎಳೆದು ಹತ್ತಿ, ಹಳೆಯ ಕ್ಯಾಲೆಂಡರು ತೆಗೆದು, ಅದರ ಮೊಳೆಗೆ ಚಿತ್ರ ಸಿಕ್ಕಿಸಿದಳು. ಊಟದ ಮೇಜಿನಾಚೆ, ಅವನು ದಿನಾ ಕೂರುವ ಜಾಗದ ನೇರ ಎದುರಿಗೆ. ಆಮೇಲೆ ತಟ್ಟೆ ಹಾಕಿ, ಕೂರು, ಊಟ ತಣ್ಣಗಾಗುತ್ತೆ ಎಂದಳು. ಎಂದಿನ ದನಿಯೇ. ಅವನು ಕೂತ. ತನ್ನ ಕುರ್ಚಿಯನ್ನು ಎಡಕ್ಕೆ ಸರಿಸಿದ, ಒಂದಿಷ್ಟು ಬಲಕ್ಕೆ ಸರಿಸಿದ. ಎಲ್ಲಿ ಕೂತರೂ ಕ್ಯಾಮೆರಾದ ಕಪ್ಪು ಕಣ್ಣು ಅವನ ಎದೆಯ ಮೇಲೇ ಇತ್ತು, ಅದರ ಕೆಳಗೆ ಆ ಬಾಯಿ ಅರ್ಧ ತೆರೆದಿತ್ತು. ಏನು ಹೇಳುತ್ತಿದೆ ಎಂದು ಈಗ ಗೊತ್ತಾಯಿತು: ಉಸಿರು ಹಿಡ್ಕೊಳ್ಳಿ. ಅಕ್ಕ ಬಡಿಸಿ, ತಾನೂ ಪಕ್ಕದಲ್ಲಿ ಕೂತು, ಗೋಡೆಯ ಕಡೆ ನೋಡುತ್ತ ನಿಧಾನವಾಗಿ ತಿನ್ನತೊಡಗಿದಳು. ತುತ್ತು ಅವನ ಬಾಯಿಯ ಹತ್ತಿರ ಬಂದು ನಿಂತಿತು. ಉಸಿರು ಹಿಡಿದಿದ್ದ. ಬಿಡಿ ಎಂಬ ಮಾತಿಗೆ ಕಾಯುತ್ತಿದ್ದ.